ಮೂವತ್ತೆರಡನೇ ಕಿಲೋಮೀಟರು

ಬ್ಯಾಂಕಾಕ್, ವ್ಯಾನ್ ನಿಲ್ದಾಣ
ಮೇ 2, ಬುದ್ಧಶಕ 2567

ಕುಂಗ್,

ಈ ಕಾಗದ ನೋಡಿ ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದುಕೊಳ್ಳಬೇಡ. ಯಾರಿಗೂ ಏನೂ ಆಗಿಲ್ಲ. ನಿನ್ನಮ್ಮ ಚೆನ್ನಾಗಿದ್ದಾಳೆ. ಅದು ನಿನಗೂ ಗೊತ್ತಿರಬೇಕು. ದಿನಾ ಸಂಜೆ ಮೀನು ಬೇಯಿಸುವ ನೆಪದಲ್ಲಿ ಹಿತ್ತಿಲಿಗೆ ಹೋಗಿ ನಿನಗೆ ಫೋನ್ ಮಾಡುತ್ತಾಳೆ. ನನಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದಾಳೆ. ನಾನೂ ಕೇಳಿಸದವನ ಹಾಗೆ ಇದ್ದೇನೆ.

ನಾನೂ ಫೋನ್ ಮಾಡಬಹುದಿತ್ತು. ಆದರೆ ನಾವಿಬ್ಬರು ಫೋನಿನಲ್ಲಿ ಮಾತಿಗೆ ಶುರು ಮಾಡಿದರೆ ಎರಡನೇ ಮಾತಿಗೇ ಜಗಳ. ಕಾಗದದಲ್ಲಾದರೆ ನನ್ನ ಮಾತು ಮುಗಿಯುವವರೆಗೆ ನೀನು ಬಾಯಿ ಹಾಕುವ ಹಾಗಿಲ್ಲ. ಇಲ್ಲಿ ವ್ಯಾನು ತುಂಬುವುದಕ್ಕೆ ಈಗೀಗ ಮುಕ್ಕಾಲು ಗಂಟೆ ಬೇಕಾಗುತ್ತದೆ. ಬರೆಯಲು ಪುರುಸೊತ್ತಿದೆ. ಇದನ್ನು ಲಮ್ಯೈ ಕೈಯಲ್ಲಿ ಕೊಡುತ್ತೇನೆ. ಅವಳು ದಿನಾ ಬೆಳಗ್ಗೆ ಪಪ್ಪಾಯಿ ಸಲಾಡ್ ಮಾರಲು ತನ್ನ ಒರಳು, ಪಪ್ಪಾಯಿ ಬುಟ್ಟಿ ಹೊತ್ತು ನನ್ನ ವ್ಯಾನಿನಲ್ಲೇ ಬಂದು ನಿಮ್ಮ ಕ್ಯಾಂಪಿನ ಗೇಟಿನಲ್ಲಿ ಇಳಿಯುತ್ತಾಳಲ್ಲ.

ವಿಷಯ ಇಷ್ಟು. ನಿನಗೆ ಮೂರನೇ ಕ್ಲಾಸಿನಲ್ಲಿ ಪಾಠ ಮಾಡಿದ ವನಿದಾ ಟೀಚರ್‌ಗೆ ಎರಡೂ ಕಿಡ್ನಿ ಹೋಗಿವೆ. ಸೋಮವಾರ, ಬುಧವಾರ, ಶುಕ್ರವಾರ ಬ್ಯಾಂಕಾಕಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬೆಳಗ್ಗೆ ಏಳೂವರೆಗೆ ಅವರ ಸರದಿ. ಅರ್ಧ ಗಂಟೆ ತಡವಾದರೆ ಆ ಜಾಗ ಬೇರೆಯವರಿಗೆ ಹೋಗುತ್ತದೆ. ಆಮೇಲೆ ಯಾರಾದರೂ ಬರದಿದ್ದರೆ ಮಾತ್ರ ಇವರಿಗೆ. ಹೋದ ತಿಂಗಳು ನಾಲ್ಕು ಸಲ ತಡವಾಯಿತು. ನಾನು ಮೇ ಕ್ಲೋಂಗ್ ಬಿಡುವುದು ಐದಕ್ಕೆ. ಮೊದಲು ಒಂದೂಕಾಲು ಗಂಟೆಯಲ್ಲಿ ತಲುಪುತ್ತಿದ್ದ ದಾರಿ. ಈಗ ಬ್ಯಾಂಕಾಕಿನಿಂದ ಮೂವತ್ತನಾಲ್ಕನೇ ಕಿಲೋಮೀಟರು ದಾಟಿದ ಮೇಲೆ ಯಾವ ಲೇನು ತೆರೆದಿದೆ, ಯಾವುದು ಮುಚ್ಚಿದೆ, ಅಲ್ಲಿಗೆ ಹೋಗಿ ನಿಂತ ಮೇಲೇ ಗೊತ್ತಾಗುವುದು.

ಲಮ್ಯೈ ಹೇಳಿದಳು, "ಲೇನು ಮುಚ್ಚಿಸೋದು ತೆಗೆಸೋದು ನಿಮ್ಮ ಮಗಳೇ ಅಲ್ವಾ ಅಣ್ಣ. ವಾಕಿಟಾಕಿ ಹಿಡ್ಕೊಂಡು ನಿಂತಿರ್ತಾಳೆ. ಅಷ್ಟೆತ್ತರದ ಗಂಡಸ್ರು ಅವಳು ಹೇಳಿದ ಹಾಗೆ ಕೇಳ್ತಾರೆ."

ಹಾಗಿದ್ದರೆ ಮಾರನೆಯ ದಿನ ಯಾವುದು ಮುಚ್ಚಿರುತ್ತದೆ ಎಂದು ಮೊದಲೇ ತಿಳಿಸಲು ಆಗುತ್ತದೆಯೇ? ನನಗಾಗಿ ಕೇಳುತ್ತಿಲ್ಲ. ಟೀಚರ್‌ಗಾಗಿ.

ಕಳೆದ ಸೆಪ್ಟೆಂಬರಿನಲ್ಲಿ ನೀನು ರಸ್ತೆ ಕಟ್ಟುವ ಆ ಕಂಪನಿಗೆ ಸೇರಿದಾಗ ನಾನು ಆಡಿದ ಮಾತು, ಆ ರಸ್ತೆ ಮುಗಿಸಿ ಆಮೇಲೆ ಮನೆಗೆ ಬಾ ಅಂದಿದ್ದು, ನಿನ್ನ ಮನಸ್ಸಿನಲ್ಲಿ ಇನ್ನೂ ಇದೆ ಎಂದು ನಿನ್ನಮ್ಮ ಹೇಳುತ್ತಿರುತ್ತಾಳೆ. ಅದರ ಬಗ್ಗೆ ಬರೆಯಲು ನಾನು ಕೂತಿಲ್ಲ. ವ್ಯಾನು ತುಂಬಿತು.

ಅಪ್ಪ,
ಬುನ್‌ಲೆರ್ತ್

---

ಕಾಮಗಾರಿ ಕ್ಯಾಂಪ್, ಕಿ.ಮೀ. 32
ಮೇ 6, 2567

ಗೌರವಾನ್ವಿತ ಅಪ್ಪನಿಗೆ,

ಕಾಗದ ತಲುಪಿತು. ಮಾರನೆಯ ದಿನ ಮುಚ್ಚಬೇಕಾದ ಲೇನು ಯಾವುದು ಎಂದು ಮಧ್ಯಾಹ್ನ ಎರಡಕ್ಕೆ ತೀರ್ಮಾನವಾಗುತ್ತದೆ. ಅದನ್ನು ಒಂದು ಹಾಳೆಯಲ್ಲಿ ಬರೆದು ಆಫೀಸಿನ ಬಾಗಿಲಿಗೆ ಅಂಟಿಸುತ್ತೇವೆ. ಬಾಗಿಲು ಕ್ಯಾಂಪಿನ ಒಳಗಿದೆ. ಹಾಗಾಗಿ ಅದನ್ನು ಓದುವವರು ಅದನ್ನು ಬರೆದವರು ಮಾತ್ರ. ಲಮ್ಯೈ ದೊಡ್ಡಮ್ಮ ಅಂಗಡಿ ಮುಚ್ಚುವುದು ಮೂರಕ್ಕೆ. ಅವರ ಕೈಯಲ್ಲಿ ದಿನಾ ಒಂದು ಚೀಟಿ ಕಳಿಸುತ್ತೇನೆ. ಅಮ್ಮನ ಫೋನಿಗೂ ಹೇಳಬಹುದು. ಆದರೆ ಅವರು ಇಪ್ಪತ್ತೊಂಬತ್ತನ್ನು ತೊಂಬತ್ತೆರಡು ಮಾಡಿ ನಿಮಗೆ ಒಪ್ಪಿಸುತ್ತಾರೆ.

ಇದು ಗುಟ್ಟಿನ ವಿಷಯವೇನಲ್ಲ. ಯಾರು ಕೇಳಿದರೂ ಕೊಡುತ್ತೇನೆ. ಇದುವರೆಗೆ ಯಾರೂ ಕೇಳಿರಲಿಲ್ಲ. ಬೈದಿದ್ದರು ಅಷ್ಟೆ.

ಟೀಚರ್‌ಗೆ ನನ್ನ ನಮಸ್ಕಾರ ತಿಳಿಸಿ. ತಿಳಿಸಲು ಕಷ್ಟವಾದರೆ ಬೇಡ.

ಸುತಿಸಾ
ಸಂಚಾರ ವಿಭಾಗದ ಇಂಜಿನಿಯರ್

---

ಬ್ಯಾಂಕಾಕ್, ವ್ಯಾನ್ ನಿಲ್ದಾಣ
ಜೂನ್ 19, 2567

ಕುಂಗ್,

ಇಷ್ಟು ದಿನ ಬರೆಯಲಿಲ್ಲ, ಬರೆಯುವಂಥದ್ದೇನೂ ಇರಲಿಲ್ಲ. ಚೀಟಿಗಳು ದಿನಾ ಬರುತ್ತಿವೆ, ಸಹಿ ಮಾತ್ರ ಮನೆಯಲ್ಲಿ ಕರೆಯುವ ಕುಂಗ್ ಅಲ್ಲ, ಸುತಿಸಾ. ಲಮ್ಯೈ ಅವನ್ನು ಮೆಣಸಿನಪುಡಿ ಡಬ್ಬಿಯಲ್ಲಿ ಇಟ್ಟುಕೊಂಡು ಬರುವುದರಿಂದ ಓದುವಾಗಲೆಲ್ಲ ಸೀನು.

ಟೀಚರ್ ಆರು ವಾರದಿಂದ ಒಂದು ಸಲವೂ ತಡವಾಗಿಲ್ಲ. ಎಡ ಲೇನು ಬಂದ್ ಎಂದು ನೀನು ಬರೆದಿದ್ದರೆ ನಾನು ಮೂವತ್ತೆಂಟನೇ ಕಿಲೋಮೀಟರಿನಲ್ಲೇ ಬಲಕ್ಕೆ ಸೇರಿಕೊಳ್ಳುತ್ತೇನೆ. ಎರಡೂ ಬಂದ್ ಎಂದರೆ ಉಪ್ಪಿನ ಗದ್ದೆಗಳ ನಡುವಿನ ಹಳೆಯ ದಾರಿ. ಮಿಕ್ಕ ವ್ಯಾನಿನವರು ಮೊದಮೊದಲು ನಗುತ್ತಿದ್ದರು. ಈಗ ನಾನು ಯಾವ ಕಡೆ ತಿರುಗಿಸುತ್ತೇನೆ ಎಂದು ನೋಡಿಕೊಂಡು ಹಿಂದೆಯೇ ಬರುತ್ತಾರೆ.

ನನ್ನ ಪ್ರಯಾಣಿಕರು ಇದನ್ನು ಬೇರೆಯೇ ರೀತಿ ಅರ್ಥ ಮಾಡಿಕೊಂಡಿದ್ದಾರೆ. ವಿಮೆ ಕಚೇರಿಗೆ ಹೋಗುವ ಮಾನೋಪ್ ಎಂಬುವನಿದ್ದಾನೆ, ಬಾಯಿ ಜೋರು. ಅವನು ಎಲ್ಲರಿಗೂ ಹೇಳುತ್ತಾನೆ, "ಬುನ್‌ಲೆರ್ತ್ ಮಾಮನ ಕನಸಲ್ಲಿ ದಾರಿ ಕಾಯೋ ದೇವ್ರು ಬಂದು ಹೇಳ್ತಾನೆ ಕಣ್ರೀ. ಲೇನು ಹೇಳೋ ದೇವ್ರು ಲಾಟರಿ ನಂಬರ್ ಹೇಳಲ್ವಾ ಮಾಮ? ಹದಿನಾರನೇ ತಾರೀಕಿಗೆ ಡ್ರಾ, ಅದ್ರೊಳಗೆ ಕೇಳಿ ನೋಡಿ." ಯಾರೋ ಒಬ್ಬಾಕೆ ಕನ್ನಡಿಗೆ ಮಲ್ಲಿಗೆ ಹಾರವನ್ನೂ ಕಟ್ಟಿಹೋದಳು.

ಮೊನ್ನೆ ಇಪ್ಪತ್ತೆಂಟನೇ ಕಿಲೋಮೀಟರಿನಲ್ಲಿ ಲಾರಿಯೊಂದು ಕೆಟ್ಟು ನಿಂತು ಇಪ್ಪತ್ತು ನಿಮಿಷ ಕಾಯಬೇಕಾಯಿತು. ಅದು ನಿಮ್ಮ ತಪ್ಪಲ್ಲ. ಆದರೂ ಮಾನೋಪ್ ಶುರು ಮಾಡಿದ. "ನಮ್ಮಜ್ಜನ ಕಾಲದಲ್ಲಿ ಅಗೆಯೋಕೆ ಶುರು ಮಾಡಿದ್ದು. ಏಳು ತಲೆಮಾರಿನ ರಸ್ತೆ ಅಂತ ಸುಮ್ನೆ ಹೆಸರಿಟ್ಟಿಲ್ಲ. ಈ ಇಂಜಿನಿಯರ್‌ಗಳನ್ನ ಒಂದಿನ ಇದೇ ವ್ಯಾನಲ್ಲಿ ಕೂರಿಸಿ ಏಸಿ ಆಫ್ ಮಾಡ್ಬೇಕು. ಅಪ್ಪ ಅಮ್ಮ ಏನು ಕಲಿಸಿದಾರೋ ಇವ್ರಿಗೆ."

ನಾನು ಕನ್ನಡಿ ನೋಡಿದೆ. ಹಿಂದಿನ ಸೀಟಿನಿಂದ ಟೀಚರ್ ಅದೇ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು. ನೀನು ಈ ರಸ್ತೆಯಲ್ಲೇ ಇಂಜಿನಿಯರ್ ಎಂದು ಅವರಿಗೆ ಯಾರಾದರೂ ಹೇಳಿದ್ದಾರೆಯೇ?

ದಿನಕ್ಕೆ ಮೂರು ಸಲ ಹೋಗಿ ಬರುತ್ತಿದ್ದವನು ನಡುವೆ ಒಂದೂವರೆ ಸಲಕ್ಕೆ ಇಳಿದಿದ್ದೆ. ಈಗ ಎರಡಾಗಿದೆ. ನಿನಗೆ ತಿಳಿದಿರಲಿ ಎಂದು ಬರೆದೆ.

ಅಪ್ಪ

---

ಕಿ.ಮೀ. 32
ಜುಲೈ 2, 2567

ಅಪ್ಪ,

ಟೀಚರ್‌ಗೆ ಗೊತ್ತು. ಅಮ್ಮ ಹೇಳಿದ್ದಾರೆ. ಯಾರಿಗೂ ಹೇಳಬೇಡಿ ಎಂದರೆ ಅಮ್ಮ ಎಷ್ಟು ಜನರಿಗೆ ಹೇಳುತ್ತಾರೆ ಎಂಬುದನ್ನು ನಾನು ನಿಮಗೆ ವಿವರಿಸಬೇಕಾಗಿಲ್ಲ.

ಮಾನೋಪ್ ಅವರ ಮಾತನ್ನು ನಾನು ದಿನಕ್ಕೆ ನೂರು ಬಾಯಿಂದ ಕೇಳುತ್ತೇನೆ. ಕಾರಿನ ಗಾಜು ಇಳಿಯುವುದನ್ನು ನೋಡಿದರೇ ಏನು ಬರುತ್ತದೆ ಎಂದು ಗೊತ್ತಾಗುತ್ತದೆ. ಪೂರ್ತಿ ಇಳಿದರೆ ಬೈಗುಳ. ಅರ್ಧ ಇಳಿದರೆ ಪ್ರಶ್ನೆ, "ಯಾವಾಗಮ್ಮಾ ಮುಗಿಯೋದು ಇದು?" ಬೈಗುಳವೇ ವಾಸಿ. ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ನನ್ನ ಮೇಲಿನವರಲ್ಲೂ ಇಲ್ಲ. ಮೊದಲ ಮೂರು ತಿಂಗಳು ನಾನು ಸಿಮೆಂಟಿನ ಗೋದಾಮಿನ ಹಿಂದೆ ಹೋಗಿ ಅಳುತ್ತಿದ್ದೆ. ಅಮ್ಮನಿಗೆ ಇದನ್ನು ಹೇಳಿಲ್ಲ. ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಈಗ ಅಳು ಬರುವುದಿಲ್ಲ.

ನಾನು ಇಲ್ಲಿಗೆ ಯಾಕೆ ಸೇರಿದೆ ಎಂದು ಸೆಪ್ಟೆಂಬರಿನಲ್ಲಿ ನೀವು ಕೇಳಿದಿರಿ. ಉತ್ತರ ಹೇಳಲು ಬಿಡಲಿಲ್ಲ. ಮಹಾಚಾಯ್ ಹೈಸ್ಕೂಲಿಗೆ ಹೋಗುವಾಗ ಆರು ವರ್ಷ ನಿಮ್ಮ ಪಕ್ಕದ ಸೀಟಿನಲ್ಲಿ ಕೂತಿದ್ದೆ. ಹೋಮ್‌ವರ್ಕ್ ಎಲ್ಲ ಜಾಮಿನಲ್ಲೇ ಮಾಡಿದ್ದು. ನನಗೆ ಲೆಕ್ಕ ಚೆನ್ನಾಗಿ ಬಂದದ್ದೇ ಈ ರಸ್ತೆಯಿಂದ. ಆರು ವರ್ಷ ನೀವು ಬೈಯುವುದನ್ನು ಕೇಳಿದೆ. ಇದನ್ನು ಯಾರಾದರೂ ಮುಗಿಸಬೇಕಲ್ಲ ಎಂದು ಅನ್ನಿಸುತ್ತಿತ್ತು. ಅಷ್ಟೆ. ಅದರಲ್ಲಿ ನಿಮಗೆ ಎದುರು ನಿಲ್ಲುವ ಉದ್ದೇಶ ಇರಲಿಲ್ಲ.

ನಿಮ್ಮ ವ್ಯಾನು ಬೆಳಗ್ಗೆ ಐದೂ ನಲವತ್ತರ ಹೊತ್ತಿಗೆ ನನ್ನ ಮುಂದೆ ಹಾದುಹೋಗುತ್ತದೆ. ಎಡಗಡೆಯ ಹಿಂದಿನ ದೀಪ ಹೋಗಿದೆ. ಹಾಕಿಸಿ.

ಸುತಿಸಾ

---

ಮೇ ಕ್ಲೋಂಗ್
ಜುಲೈ 8, 2567

ಕುಂಗ್,

ದೀಪ ಹಾಕಿಸಿದೆ.

ನಿನ್ನಮ್ಮ ಒಂದು ಬುಟ್ಟಿ ಬೇಯಿಸಿದ ಬಂಗುಡೆ ಕಳಿಸಿದ್ದಾಳೆ. ಲಮ್ಯೈ ದಾರಿಯಲ್ಲಿ ಎರಡು ತಿಂದರೆ ಲೆಕ್ಕ ಕೇಳಬೇಡ.

ಗೋದಾಮಿನ ವಿಷಯ ಓದಿದೆ.

ಅಪ್ಪ

---

ಕಿ.ಮೀ. 32
ಆಗಸ್ಟ್ 11, 2567

ಅಪ್ಪ,

ಶುಕ್ರವಾರದ ವಿಷಯವಾಗಿ ಬರೆಯುತ್ತಿದ್ದೇನೆ. ಗುರುವಾರ ನಾನು ಕಳಿಸಿದ ಚೀಟಿಯಲ್ಲಿ, ಬೆಳಗ್ಗೆ ಐದಕ್ಕೆ ಎರಡೂ ಕಡೆ ತೆರೆಯುತ್ತದೆ, ತಾಯಂದಿರ ದಿನದ ರಜೆಯ ದಟ್ಟಣೆಗಾಗಿ ನಾಲ್ಕು ದಿನ ಯಾವ ಲೇನೂ ಮುಚ್ಚುವುದಿಲ್ಲ ಎಂದಿತ್ತು. ನೀವು ಅದನ್ನು ನಂಬಿ ಹಳೆಯ ದಾರಿ ಬಿಟ್ಟು ನೇರ ಬಂದಿರುತ್ತೀರಿ. ರಸ್ತೆ ತೆರೆದದ್ದು ಹನ್ನೊಂದಕ್ಕೆ. ಮುಚ್ಚಿಯೇ ಇಡಿ ಎಂದು ಹೇಳಿದವಳು ನಾನು.

ಯಾಕೆ ಎಂದು ನಿಮಗೆ ತಿಳಿಯಬೇಕು. ನಮ್ಮ ತಲೆಯ ಮೇಲೆ ಮೇಲ್ಸೇತುವೆಯ ಕಾಂಕ್ರೀಟ್ ತೊಲೆಗಳನ್ನು ಎತ್ತಿ ಕೂರಿಸುವ ದೊಡ್ಡ ಕಬ್ಬಿಣದ ಯಂತ್ರ ಇದೆಯಲ್ಲ, ನೀವು ಅದಕ್ಕೆ ಜಿರಾಫೆ ಎನ್ನುತ್ತೀರಿ ಎಂದು ಅಮ್ಮ ಹೇಳಿದ್ದರು. ಅದರ ಕಾಲನ್ನು ಕಂಬಕ್ಕೆ ಬಿಗಿದಿರುವ ನಟ್ಟುಗಳ ಮೇಲೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿರುತ್ತೇವೆ. ನಟ್ಟು ಸ್ವಲ್ಪ ಅಲುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ರಸ್ತೆ ತೆರೆಯುವ ಮುಂಚೆ, ನಾಲ್ಕೂವರೆಗೆ, ಏಣಿ ಹತ್ತಿ ಟಾರ್ಚ್ ಹಿಡಿದು ನೋಡಿದೆ. ಇಪ್ಪತ್ತನಾಲ್ಕರಲ್ಲಿ ಎರಡು ಗೆರೆ ತುಂಡಾಗಿದ್ದವು. ಎಲ್ಲ ಸರಿ ಇದೆ ಎಂದು ಕಾಗದದ ಮೇಲೆ ಯಂತ್ರದವರ ಸಹಿ ಬಿದ್ದಾಗಿತ್ತು.

ನನ್ನ ಮೇಲಧಿಕಾರಿ ಹೇಳಿದರು, "ಇಪ್ಪತ್ತೆರಡು ಸರಿ ಇದೆಯಲ್ಲಮ್ಮ. ಇವತ್ತು ರಜೆಯ ಮೊದಲ ದಿನ. ಈ ರಸ್ತೆ ಮುಚ್ಚಿದ್ರೆ ಟೀವಿಯವರು ಬರ್ತಾರೆ." ಇನ್ನೂ ಮೇಲಿನವರು ಎರಡು ಸಲ ಫೋನ್ ಮಾಡಿದರು. ಲೇನು ತೆರೆಯುವ ಕಾಗದಕ್ಕೆ ನನ್ನ ಸಹಿ ಬೇಕು. ನಾನು ಹಾಕಲಿಲ್ಲ. ಯಂತ್ರದವರನ್ನು ಕರೆಸಿ ಇಪ್ಪತ್ತನಾಲ್ಕನ್ನೂ ಮತ್ತೆ ಬಿಗಿಸಿ, ಹೊಸದಾಗಿ ಗೆರೆ ಎಳೆಸಿ, ಆಮೇಲೆ ಹಾಕಿದೆ.

ಏನೂ ಬೀಳಲಿಲ್ಲ. ತೆರೆದಿದ್ದರೂ ಬಹುಶಃ ಏನೂ ಬೀಳುತ್ತಿರಲಿಲ್ಲ ಎಂದು ಎಲ್ಲರೂ ಹೇಳುತ್ತಿದ್ದಾರೆ. ಇರಬಹುದು. ಬೀಳದೆ ಉಳಿದದ್ದನ್ನು ಯಾರಿಗೂ ತೋರಿಸಲು ಬರುವುದಿಲ್ಲ. ಆರು ಗಂಟೆ ನಿಂತ ಗಾಡಿಗಳನ್ನು ಎಲ್ಲರೂ ನೋಡಿದ್ದಾರೆ.

ಆ ಸಾಲಿನಲ್ಲಿ ನೀವಿದ್ದಿರಿ, ಟೀಚರ್ ಇದ್ದರು ಎಂದು ನನಗೆ ಗೊತ್ತಿತ್ತು. ಶುಕ್ರವಾರ ಎಂಬುದು ಏಣಿಯ ಮೇಲಿದ್ದಾಗಲೇ ನೆನಪಾಯಿತು. ಇಳಿದ ಮೇಲೂ ನನ್ನ ತೀರ್ಮಾನ ಅದೇ ಆಗಿತ್ತು. ಅದಕ್ಕೆ ನೀವು ಏನು ಹೇಳಿದರೂ ಕೇಳುತ್ತೇನೆ. ಅವರು ಹೇಗಿದ್ದಾರೆ ಎಂದು ದಯವಿಟ್ಟು ಒಂದು ಸಾಲು ಬರೆಯಿರಿ.

ಸುತಿಸಾ

---

ಕಿ.ಮೀ. 32
ಸೆಪ್ಟೆಂಬರ್ 1, 2567

ಅಪ್ಪ,

ನೀವು ಬರೆಯಲಿಲ್ಲ. ಟೀಚರ್ ಕ್ಷೇಮವಾಗಿದ್ದಾರೆ ಎಂದು ಅಮ್ಮನಿಂದ ತಿಳಿಯಿತು. ಆ ದಿನ ಮೋಟಾರ್‌ಸೈಕಲ್ ಮೇಲೆ ಹೋದರಂತೆ, ಸಂಜೆ ನಾಲ್ಕಕ್ಕೆ ಸರದಿ ಸಿಕ್ಕಿತಂತೆ, ಮರುದಿನವೆಲ್ಲ ಏಳಲಾಗದೆ ಮಲಗಿದ್ದರಂತೆ. ಅಮ್ಮ ನಿಮ್ಮ ಬಗ್ಗೆ ಏನೂ ಹೇಳಲಿಲ್ಲ. ಅಮ್ಮ ಏನೂ ಹೇಳದೆ ಇದ್ದದ್ದು ಇದೇ ಮೊದಲು.

ನನ್ನನ್ನು ದೂರದ ಈಶಾನ್ಯ ಗಡಿಯ ನಖೋನ್ ಫನೋಮ್‌ಗೆ ವರ್ಗ ಮಾಡಿದ್ದಾರೆ. ಅಲ್ಲಿ ನದಿಯ ದಡದಲ್ಲಿ ಕಂಪನಿಯ ಸಣ್ಣದೊಂದು ಕೆಲಸವಿದೆ. ಶಿಕ್ಷೆ ಎಂದು ಯಾರೂ ಹೇಳಿಲ್ಲ. "ಅಲ್ಲಿ ಗಾಳಿ ಚೆನ್ನಾಗಿದೆ" ಎಂದಿದ್ದಾರೆ. ಸೆಪ್ಟೆಂಬರ್ ಹದಿನಾರಕ್ಕೆ ಅಲ್ಲಿರಬೇಕು. ನಟ್ಟುಗಳನ್ನು ಇನ್ನು ಮುಂದೆ ಇಬ್ಬರು ನೋಡಿಯೇ ಸಹಿ ಮಾಡಬೇಕು ಎಂಬ ಆದೇಶವೂ ಅದೇ ದಿನ ಬಂದಿದೆ. ಅದರಲ್ಲಿ ನನ್ನ ಹೆಸರಿಲ್ಲ. ಇರಬೇಕಾಗಿಯೂ ಇಲ್ಲ.

ಚೀಟಿ ನಿಲ್ಲುವುದಿಲ್ಲ. ನನ್ನ ಜಾಗಕ್ಕೆ ಬರುತ್ತಿರುವ ಒರಸಾ ಎಂಬ ಹುಡುಗಿಗೆ ಹೇಳಿದ್ದೇನೆ. ದಿನಾ ಮೂರಕ್ಕೆ ಮೊದಲು ದೊಡ್ಡಮ್ಮನಿಗೆ ಕೊಡುತ್ತಾಳೆ. ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ.

ಸುತಿಸಾ

---

ಮೇ ಕ್ಲೋಂಗ್
ಸೆಪ್ಟೆಂಬರ್ 5, 2567

ಕುಂಗ್,

ನಿನ್ನ ಆಗಸ್ಟಿನ ಕಾಗದಕ್ಕೆ ಮೂರು ಸಲ ಉತ್ತರ ಬರೆದೆ. ಮೂರೂ ಹರಿದು ಹಾಕಿದೆ. ಇದನ್ನು ಹರಿಯಬಾರದು ಎಂದು ನಿನ್ನಮ್ಮ ಎದುರಿಗೇ ಕೂತಿದ್ದಾಳೆ. ಬಂಗುಡೆಯ ಕುತ್ತಿಗೆ ಬಗ್ಗಿಸಿ ಬೇಯಿಸುವ ಬುಟ್ಟಿಗೆ ಹಿಡಿಯುವ ಹಾಗೆ ಜೋಡಿಸುತ್ತಾ ನನ್ನ ಪೆನ್ನು ನಿಂತಾಗಲೆಲ್ಲ ತಲೆ ಎತ್ತಿ ನೋಡುತ್ತಾಳೆ.

ಆ ದಿನ ನಡೆದದ್ದನ್ನು ಹೇಳುತ್ತೇನೆ. ನಾವು ಮೂವತ್ತನಾಲ್ಕರಲ್ಲಿ ನಿಂತೆವು. ಏಳಾಯಿತು, ಏಳೂವರೆ ಆಯಿತು. ಟೀಚರ್ ಚಪ್ಪಲಿ ಬಿಚ್ಚಿ ಕಾಲು ಸೀಟಿನ ಮೇಲೆ ಇಟ್ಟುಕೊಂಡಿದ್ದರು, ಪಾದ ಊದಿಕೊಂಡಿತ್ತು. ಏನೂ ಕೇಳಲಿಲ್ಲ. ಅವರು ಕೇಳದೆ ಇದ್ದದ್ದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಅವರ ಆಸ್ಪತ್ರೆಯ ಕಾಗದ ಇಸಿದುಕೊಂಡು, ನಾನೇ ಹೋಗಿ ಕೇಳಿ ಬರುತ್ತೇನೆ ಎಂದು ಇಳಿದು ನಡೆದೆ. ಎರಡು ಕಿಲೋಮೀಟರು. ಗಾಡಿಗಳ ನಡುವೆಯೇ ನಡೆದೆ. ಎಲ್ಲ ಕಿಟಕಿಯಲ್ಲೂ ಒಂದೇ ಮಾತು, ಆ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನಡೆಯುತ್ತಾ ನಾನೂ ಅದನ್ನೇ ಆಡುತ್ತಿದ್ದೆ. ನಿನಗೆ ಏನೇನು ಹೇಳಬೇಕು ಎಂದು ಜೋಡಿಸಿಕೊಂಡು ಬಂದಿದ್ದೆ.

ನೀನು ಬ್ಯಾರಿಕೇಡ್ ಮುಂದೆ ನಿಂತಿದ್ದೆ. ನಿನ್ನನ್ನು ನೋಡಿ ಹನ್ನೊಂದು ತಿಂಗಳಾಗಿತ್ತು. ದಿನಾ ಅದೇ ದಾರಿಯಲ್ಲಿ ಹೋಗುತ್ತಿದ್ದರೂ ನಾನು ಆ ಜಾಗ ಬಂದಾಗ ಬಲಗಡೆ ನೋಡುತ್ತಿದ್ದೆ. ತೆಳ್ಳಗಾಗಿದ್ದೀಯ. ಏಳೆಂಟು ಜನ ನಿನ್ನ ಸುತ್ತ ನಿಂತು ಕೂಗಾಡುತ್ತಿದ್ದರು. ನೀನು ಎಲ್ಲರಿಗೂ ಕೈ ಮುಗಿದು ಅದೇನೋ ಹೇಳುತ್ತಿದ್ದೆ. ಆಗ ಹಿಂದಿನಿಂದ ಯಾರೋ ಐಸ್ ಕಾಫಿ ತುಂಬಿದ ಚೀಲ ಎಸೆದರು. ನಿನ್ನ ಹೆಲ್ಮೆಟ್ಟಿಗೆ ಬಡಿದು ಒಡೆಯಿತು. ಕಾಫಿ ಅಂಗಿಯ ಮೇಲೆಲ್ಲ ಇಳಿಯಿತು. ನೀನು ಒರೆಸಿಕೊಳ್ಳಲೂ ಇಲ್ಲ. ತಿರುಗಿ ಮೇಲೆ ನೋಡಿದೆ, ಆ ಜಿರಾಫೆಯ ಕಾಲಿನ ಕಡೆ. ನಾನೂ ಮೇಲೆ ನೋಡಿದೆ. ನನಗೆ ಏನೂ ಕಾಣಲಿಲ್ಲ. ಬರೀ ಕಬ್ಬಿಣ.

ನನ್ನ ನಿನ್ನ ನಡುವೆ ಐವತ್ತು ಹೆಜ್ಜೆ ಇತ್ತು. ಆಸ್ಪತ್ರೆಯ ಕಾಗದ ಕೈಯಲ್ಲೇ ಇತ್ತು. ನಮ್ಮ ಒಂದು ವ್ಯಾನು ಬಿಡು ಎಂದು ನಾನು ಕೇಳಿದರೆ ನೀನು ಬಿಡುವುದಿಲ್ಲ ಎಂದು ನಿನ್ನ ಮುಖ ನೋಡಿ ಗೊತ್ತಾಯಿತು. ಅಥವಾ ಅಪ್ಪ ಎಂದು ಬಿಟ್ಟರೆ? ಅದು ಇನ್ನೂ ಕಷ್ಟ. ಕಾಗದ ಜೇಬಿಗೆ ಹಾಕಿಕೊಂಡು ವಾಪಸು ಬಂದೆ. ನಿನ್ನ ಹತ್ತಿರ ಬಂದು ಒಂದು ಕರವಸ್ತ್ರವನ್ನಾದರೂ ಕೊಡಬಹುದಿತ್ತು. ಕೊಡಲಿಲ್ಲ. ಮೂರು ಸಲ ಹರಿದದ್ದು ಈ ಸಾಲು ಬರೆಯಲಾಗದೆ.

ಬರುವಾಗ ಒಬ್ಬ ಬಾಡಿಗೆ ಮೋಟಾರ್‌ಸೈಕಲಿನವನು ಸಿಕ್ಕ. ಅವನಿಗೆ ಉಪ್ಪಿನ ಗದ್ದೆಯ ದಾರಿ ಹೇಳಿ ಟೀಚರನ್ನು ಹತ್ತಿಸಿದೆ. ಹತ್ತುವ ಮುಂಚೆ ಕೇಳಿದರು.

"ಅಲ್ಲಿ ಕುಂಗ್ ಇದ್ಲಾ?"

"ಇದ್ಲು."

"ಹಾಗಿದ್ರೆ ಏನೋ ಕಾರಣ ಇರತ್ತೆ ಬಿಡಿ. ಮೂರನೇ ಕ್ಲಾಸಲ್ಲೇ ಅವಳು ನಾನು ಬೋರ್ಡ್ ಮೇಲೆ ಬರೆದ ತಪ್ಪು ಲೆಕ್ಕ ಕಾಪಿ ಮಾಡ್ತಿರ್ಲಿಲ್ಲ. ಎಲ್ಲ ಮಕ್ಕಳೂ ಬರ್ಕೊಳ್ಳೋರು, ಇವಳು ಪೆನ್ಸಿಲ್ ಕೆಳಗಿಟ್ಟು ಕೂತಿರೋಳು."

ಅಷ್ಟು ಹೇಳಿ, ಒಂದೇ ಕಡೆ ಕಾಲು ಇಳಿಬಿಟ್ಟು ಕೂತು, ಆ ಹುಡುಗನ ಸೊಂಟ ಹಿಡಿದುಕೊಂಡು ಹೊರಟೇಬಿಟ್ಟರು. ಅರವತ್ತೇಳು ವರ್ಷ ಅವರಿಗೆ.

ವ್ಯಾನಿಗೆ ಬಂದು ಕೂತೆ. ಮಾನೋಪ್‌ನ ಫೋನಿಗೆ ಅಷ್ಟರಲ್ಲಿ ವಿಡಿಯೋ ಬಂದಿತ್ತು. ಎಲ್ಲರಿಗೂ ತೋರಿಸುತ್ತಿದ್ದ. "ನೋಡಿ, ಇವಳೇ ಅಂತೆ ಮುಚ್ಚಿಸಿದ್ದು. ಹೆಂಗಸು ಅಂತ ಸುಮ್ನಿರಬಾರ್ದು. ಕಾಫಿ ಎಸೆದಿದ್ದು ಸರಿಯಾಯ್ತು."

ನಾನು ಹಿಂದೆ ತಿರುಗಿದೆ. "ಅವಳು ನನ್ನ ಮಗಳು" ಅಂದೆ.

ಮಾನೋಪ್ ಫೋನು ಮಗುಚಿ ತೊಡೆಯ ಮೇಲಿಟ್ಟ.

"ಒಬ್ಳೇ ಮಗಳು" ಅಂದೆ.

ಮಾನೋಪ್, "ಮೊದ್ಲೇ ಹೇಳಬಾರದಿತ್ತಾ ಮಾಮ" ಅಂದ.

"ಏನಂತ ಹೇಳ್ಲಿ? ಅವಳ ಜತೆ ನಾನೇ ಮಾತು ಬಿಟ್ಟು ವರ್ಷ ಆಗ್ತಾ ಬಂತು."

ಹಿಂದಿನ ಸೀಟಿನಿಂದ, ಹಾರ ಕಟ್ಟಿದ್ದ ಆ ಹೆಂಗಸು ಕೇಳಿದಳು, "ಹಾಗಿದ್ರೆ ದಿನಾ ಲೇನು ಹೇಳ್ತಿದ್ದಿದ್ದು ದೇವ್ರಲ್ವಾ?" ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಮಾನೋಪ್ ನಗಲಿಲ್ಲ. ರಜೆ ಮುಗಿದ ಮೇಲೆ ವ್ಯಾನು ಹತ್ತುವಾಗ ನನಗೆ ಕೈ ಮುಗಿದು, "ವಿಡಿಯೋ ಅಳಿಸಿ ಹಾಕ್ದೆ" ಅಂದ. ಅವನು ಕೆಟ್ಟವನಲ್ಲ. ಆರು ಗಂಟೆ ನಿಂತರೆ ಯಾರೂ ಒಳ್ಳೆಯವರಾಗಿ ಉಳಿಯುವುದಿಲ್ಲ.

ಏನೂ ಬೀಳಲಿಲ್ಲ ಎಂದು ಬರೆದಿದ್ದೀಯ. ಇಪ್ಪತ್ತಾರು ವರ್ಷದಿಂದ ಈ ವ್ಯಾನು ಓಡಿಸುತ್ತಿದ್ದೇನೆ. ಇದರಲ್ಲಿ ಕೂತವರಲ್ಲಿ ಯಾರಿಗೂ ಒಂದು ಗೀರು ಆಗಿಲ್ಲ. ಅದಕ್ಕೆ ಯಾರೂ ಬಂದು ಶಭಾಷ್ ಎಂದಿಲ್ಲ. ಹಾಗೆಂದು ನಾನು ಬ್ರೇಕ್ ನೋಡುವುದು ಬಿಟ್ಟಿಲ್ಲ. ನಾವಿಬ್ಬರೂ ಒಂದೇ ಕೆಲಸ ಮಾಡುತ್ತಿದ್ದೇವೆ ಎಂದು ನನಗೆ ಈ ವಯಸ್ಸಿನಲ್ಲಿ ಗೊತ್ತಾಯಿತು.

ರಸ್ತೆ ಯಾವಾಗ ಮುಗಿಯುತ್ತದೋ ಮುಗಿಯಲಿ. ನೀನು ಈ ಭಾನುವಾರ ಮನೆಗೆ ಬಾ. ಎಂಟು ಗಂಟೆಗೆ ವ್ಯಾನು ತರುತ್ತೇನೆ. ನಖೋನ್ ಫನೋಮ್‌ಗೆ ಬಸ್ಸಿನ ಟಿಕೆಟ್ ತೆಗೆಸಬೇಡ. ಎರಡು ದಿನ ನನ್ನ ಪಾಳಿಯನ್ನು ಬೇರೆಯವನಿಗೆ ಒಪ್ಪಿಸಿದ್ದೇನೆ.

ನಿನ್ನಮ್ಮ ಇದನ್ನು ಓದಿ, ಚೆನ್ನಾಗಿದೆ, ಕಳಿಸಿ ಅಂದಳು.

ಅಪ್ಪ

---

ಕಿ.ಮೀ. 32
ಸೆಪ್ಟೆಂಬರ್ 6, 2567

ಅಪ್ಪ,

ಭಾನುವಾರ ಎಂಟಕ್ಕೆ ಗೇಟಿನಲ್ಲಿರುತ್ತೇನೆ. ಎಡ ಲೇನಿನಲ್ಲಿ ಬನ್ನಿ, ತೆರೆದಿರುತ್ತದೆ.

ಒಂದು ಸೂಟ್‌ಕೇಸು, ಒಂದು ಫ್ಯಾನು, ಒಂದು ಅನ್ನದ ಕುಕ್ಕರು. ಲಮ್ಯೈ ದೊಡ್ಡಮ್ಮ ನನಗೆ ಕೊಡಲೆಂದು ಹೊಸ ಒರಳು ತಂದಿಟ್ಟಿದ್ದಾರೆ. ಬೇಡ ಎಂದರೆ ಕೇಳುತ್ತಿಲ್ಲ. ಅದೊಂದೇ ಹದಿನೈದು ಕೆ.ಜಿ. ಇದೆ.

ಆ ದಿನ ನೀವು ಬಂದದ್ದು ನನಗೆ ಗೊತ್ತಿರಲಿಲ್ಲ. ಇವತ್ತು ನಿಮ್ಮ ಕಾಗದವನ್ನು ಊಟದ ಶೆಡ್ಡಿನಲ್ಲಿ ಓದಿದೆ. ಎಲ್ಲರೂ ಇದ್ದರು. ಗೋದಾಮಿನ ಹಿಂದೆ ಹೋಗಬೇಕು ಅನ್ನಿಸಲಿಲ್ಲ. ಅಲ್ಲೇ ಕೂತೆ.

ಕುಂಗ್

---

ಮೇ ಕ್ಲೋಂಗ್
ಸೆಪ್ಟೆಂಬರ್ 18, 2567

ಕುಂಗ್,

ಕ್ಷೇಮವಾಗಿ ಬಂದು ಸೇರಿದೆ. ಇದನ್ನು ಅಂಚೆಯಲ್ಲೇ ಹಾಕುತ್ತಿದ್ದೇನೆ. ಲಮ್ಯೈಗೆ ಸ್ವಲ್ಪ ಬೇಜಾರು. "ಇನ್ನು ಮೇಲೆ ನನ್ ಕೈಲಿ ಯಾರೂ ಕಾಗದ ಕೊಡಲ್ಲ" ಎಂದು ದಾರಿಯುದ್ದಕ್ಕೂ ಗೊಣಗಿದಳು. ಒರಸಾಳ ಚೀಟಿ ಬಂತು. ಅಕ್ಷರ ನಿಜಕ್ಕೂ ಚೆನ್ನಾಗಿದೆ.

ನಿನ್ನಮ್ಮ ಈಗ ಹಿತ್ತಿಲಿಗೆ ಹೋಗುವುದು ಬಿಟ್ಟಿದ್ದಾಳೆ. ಮನೆಯ ನಡುವೆಯೇ ಕೂತು ಸ್ಪೀಕರ್ ಹಾಕಿ ನಿನ್ನ ಜೊತೆ ಮಾತಾಡುತ್ತಾಳೆ. ಟೀವಿ ಕೇಳಿಸುವುದಿಲ್ಲ. ನಾನೇನೂ ಹೇಳುವಂತಿಲ್ಲ.

ಹೋಗುವಾಗ ನೀನು ಸರಬುರಿಯಿಂದ ಕೊರಾಟ್‌ವರೆಗೆ ನಿದ್ದೆ ಮಾಡಿದೆ. ಅಷ್ಟು ಹೊತ್ತು ರೇಡಿಯೋ ಹಾಕಲಿಲ್ಲ. ನಿನ್ನ ರೂಮಿನ ಕಿಟಕಿಗೆ ಸೊಳ್ಳೆ ಪರದೆ ಇಲ್ಲ. ಅದನ್ನು ಮೊದಲು ಹಾಕಿಸು.

ಬರುವಾಗ ಆದದ್ದನ್ನು ಹೇಳಬೇಕು. ಕೊರಾಟ್ ದಾಟಿದ ಮೇಲೆ ಒಂದು ಕಡೆ ರಸ್ತೆ ಅಗೆದಿದ್ದರು. ಒಂದು ಗಂಟೆ ನಿಂತೆ. ಮಧ್ಯಾಹ್ನದ ಬಿಸಿಲು. ಗಾಡಿಗಳು ಒಂದೊಂದಾಗಿ ಸರಿದು ನನ್ನ ಸರದಿ ಬಂದಾಗ ನೋಡಿದರೆ ಅಲ್ಲಿ ಕೆಂಪು ಬಾವುಟ ಹಿಡಿದು ನಿಂತಿದ್ದವಳು ಒಬ್ಬ ಹುಡುಗಿ. ನಿನಗಿಂತ ಚಿಕ್ಕವಳು. ಮುಖಕ್ಕೆಲ್ಲ ಬಟ್ಟೆ ಸುತ್ತಿಕೊಂಡಿದ್ದಳು, ಕಣ್ಣು ಮಾತ್ರ ಕಾಣುತ್ತಿತ್ತು. ನಾನು ಗಾಜು ಪೂರ್ತಿ ಇಳಿಸಿದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಊಟ ಆಯ್ತಾ ಮಗಳೇ?" ಅಂದೆ.

ಅವಳಿಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಕೇಳಿದೆ.

"ಇಲ್ಲ ಮಾಮ. ಬದಲಿ ಬರೋರು ಬಂದಿಲ್ಲ" ಅಂದಳು.

ನಿನ್ನಮ್ಮ ದಾರಿಗೆಂದು ಕಟ್ಟಿಕೊಟ್ಟಿದ್ದ ಅಂಟಕ್ಕಿ ಅನ್ನ, ಒಣಗಿಸಿ ಕರಿದ ಹಂದಿಮಾಂಸ ಎಲ್ಲ ಹಾಗೇ ಇತ್ತು. ಪೊಟ್ಟಣ ಅವಳ ಕೈಗೆ ಕೊಟ್ಟೆ. ಹಿಂದಿನವರು ಹಾರ್ನ್ ಹೊಡೆಯಲು ಶುರು ಮಾಡಿದರು. ಅವಳು ಬಾವುಟ ಕಂಕುಳಲ್ಲಿ ಸಿಕ್ಕಿಸಿಕೊಂಡು, ಪೊಟ್ಟಣ ಹಿಡಿದೇ ಕೈ ಮುಗಿದಳು. ನಾನು ಹೊರಟೆ.

ಸರಬುರಿ ಬರುವವರೆಗೆ ಹಸಿದುಕೊಂಡೇ ಬಂದೆ. ಅಲ್ಲಿ ಒಂದು ಅಂಗಡಿಯಲ್ಲಿ ಎರಡು ಬಟ್ಟಲು ನೂಡಲ್ಸ್ ತಿಂದೆ. ಚೆನ್ನಾಗಿರಲಿಲ್ಲ.

ಮಾಂಸ ಹೇಗಿತ್ತು ಎಂದು ನಿನ್ನಮ್ಮ ಕೇಳಿದಳು. ಉಪ್ಪು ಸ್ವಲ್ಪ ಕಡಿಮೆಯಿತ್ತು ಎಂದು ಹೇಳಿದ್ದೇನೆ. ನೀನು ಬಾಯಿ ಬಿಡಬೇಡ.

ಅಪ್ಪ